ಮೊದಲ ಮನೆ: ಮುಂಗಡಕ್ಕೆ ಮುನ್ನ

ಮೊದಲ ಮನೆ ಕೊಳ್ಳುವವರು ಗೋಡೆ, ಬಾಗಿಲುಗಳನ್ನು ನೋಡುತ್ತಾರೆ; ಕಾಗದಪತ್ರಗಳನ್ನಲ್ಲ. ನಾವೂ ಮುಹೂರ್ತ ಮೀರುವುದೆಂಬ ಅವಸರದಲ್ಲಿ ಮುಂಗಡ ಕೊಟ್ಟೆವು. ಆಮೇಲೆ ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿದಾಗ ಆ ಮನೆ ಬ್ಯಾಂಕಿಗೆ ಅಡವಾಗಿದ್ದುದು ತಿಳಿಯಿತು. ವರ್ಷಗಟ್ಟಲೆ ಕೂಡಿಸಿದ ಹಣದಲ್ಲಿ ಅರ್ಧ ಮಾತ್ರ ಮರಳಿತು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿನಂತಿ: ಸಾಲದ ಕಂತು ಸಂಪಾದನೆಗೆ ನಿಲುಕುವುದೇ ಎಂದು ಮೊದಲು ಲೆಕ್ಕಹಾಕಿರಿ. ಮುದ್ರಾಂಕ ಹಾಗೂ ನೋಂದಣಿ ಶುಲ್ಕಗಳಿಗೂ ಹಣ ತೆಗೆದಿಡಿರಿ. ಬಳಿಕ ಮೂಲ ಕ್ರಯಪತ್ರ, 30 ವರ್ಷಗಳ ಋಣಭಾರ ಪತ್ರ, ಖಾತೆ, ಕಂದಾಯ ರಶೀದಿ, ಭೂಪರಿವರ್ತನೆಯ ಆದೇಶ ಇವನ್ನು ವಕೀಲರಿಗೆ ತೋರಿಸಿರಿ. ಹೊಸ ಬಡಾವಣೆಯಾದರೆ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿದೆಯೇ ವಿಚಾರಿಸಿರಿ. ಅನಂತರವೇ ಮುಂಗಡ, ಕರಾರು, ಕ್ರಯ. ಕ್ರಯವಾದೊಡನೆ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಿರಿ.

ಮುಹೂರ್ತ ಮತ್ತೆ ಬರುತ್ತದೆ. ಮುಳುಗಿದ ಹಣ ಬಾರದು.