ಕೋಳಿಗೆ ಮದ್ದು, ಕುದುರೆಗೆ ವಿಷ

ಕೋಳಿಮರಿಗಳು ರೆಕ್ಕೆ ಇಳಿಬಿಟ್ಟು, ಮುದುಡಿ ಕುಳಿತು, ರಕ್ತ ಬೆರೆತ ಹಿಕ್ಕೆ ಹಾಕತೊಡಗಿದರೆ ಸಾಕಿದವರ ಎದೆ ಕುಸಿಯುವುದು. ಐಮೀರಿಯ ಎಂಬ ಏಕಕೋಶದ ಪರೋಪಜೀವಿಯು ಕರುಳಿನ ಒಳಪದರವನ್ನು ಹಾಳುಗೆಡವುವುದರಿಂದ ಬರುವ ಈ ರೋಗಕ್ಕೆ ಕಾಕ್ಸಿಡಿಯೋಸಿಸ್ ಎಂದು ಹೆಸರು. ಹಿಕ್ಕೆಯ ಮೂಲಕ ಇದು ಇಡೀ ಹಿಂಡಿಗೆ ಹರಡಬಲ್ಲುದು. ಆದಕಾರಣ ರೋಗ ಬರುವ ಮೊದಲೇ ಮದ್ದನ್ನು ಆಹಾರದಲ್ಲಿ ಬೆರೆಸುವ ಪದ್ಧತಿ ರೂಢಿಗೆ ಬಂದಿತು. 1948ರಲ್ಲಿ ಸಲ್ಫಾಕ್ವಿನಾಕ್ಸಲಿನ್ ಬಳಕೆಗೆ ಬಂದರೆ, 1971ರಲ್ಲಿ ಅಮೆರಿಕದಲ್ಲಿ ಮೊನೆನ್ಸಿನ್ನಿಗೆ ಸಮ್ಮತಿ ದೊರೆಯಿತು. ಮಣ್ಣಿನ ಬ್ಯಾಕ್ಟೀರಿಯವೊಂದು ತಯಾರಿಸುವ ವಸ್ತುವಿದು.

ಮಾಂಸದ ಕೋಳಿಗಳಿಗೆ ಕಿಲೋಗ್ರಾಂ ಆಹಾರದಲ್ಲಿ 100ರಿಂದ 125 ಮಿಲಿಗ್ರಾಂ ಮೊನೆನ್ಸಿನ್ ಸಾಕು. ಆದರೆ ಅದೇ ಮದ್ದು ಕುದುರೆಯ ಹೃದಯದ ಸ್ನಾಯುಗಳನ್ನು ಕೆಡಿಸುವುದು. ಕುದುರೆಯ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 2–3 ಮಿಲಿಗ್ರಾಂ ಒಳಸೇರಿದರೆ ಪ್ರಾಣಕ್ಕೇ ಅಪಾಯ. ಲೆಕ್ಕ ಹಾಕಿ ನೋಡೋಣ: 500 ಕಿಲೋಗ್ರಾಂ ತೂಗುವ ಕುದುರೆಗೆ ಒಂದು ಗ್ರಾಂ ಸಾಕು. 125 ಮಿಲಿಗ್ರಾಂ ಮದ್ದು ಬೆರೆತ ಕೋಳಿಯ ಆಹಾರ ಎಂಟು ಕಿಲೋಗ್ರಾಂ ಇದ್ದರೆ ಅಷ್ಟಾಯಿತು!

ಆಹಾರ ತಯಾರಿಸುವ ಗಿರಣಿಯಲ್ಲಿ ಒಂದೇ ಯಂತ್ರದಿಂದ ಹಲವು ಪ್ರಾಣಿಗಳ ಆಹಾರ ಹೊರಬರುವುದುಂಟು. ಗೋಡೆಗಂಟಿದ ಹಿಂದಿನ ಹುಡಿಯು ಮುಂದಿನ ಆಹಾರದೊಡನೆ ಕೂಡಿಕೊಳ್ಳುವುದು. ಇದನ್ನು ಸಂಪೂರ್ಣವಾಗಿ ತಡೆಯುವುದು ಕಷ್ಟವೆಂದರಿತ ಐರೋಪ್ಯ ಒಕ್ಕೂಟವು, ಕುದುರೆಯ ಆಹಾರದಲ್ಲಿಯೂ ಮೊಟ್ಟೆಯಿಡುವ ಕೋಳಿಗಳ ಆಹಾರದಲ್ಲಿಯೂ ಕಿಲೋಗ್ರಾಮಿಗೆ 1.25 ಮಿಲಿಗ್ರಾಂ ಮೊನೆನ್ಸಿನ್ನಿಗಿಂತ ಹೆಚ್ಚು ಇರಬಾರದೆಂದು 2009ರಲ್ಲಿ ವಿಧಿಸಿತು. ಇದು 125ರ ನೂರರಲ್ಲೊಂದು ಪಾಲು.

ಇಷ್ಟು ಅಲ್ಪವನ್ನು ಅಳೆಯುವುದೆಂತು? ಮೊದಲು ರಾಶಿಯ ಹಲವು ಕಡೆಗಳಿಂದ ಹಿಡಿಹಿಡಿಯಾಗಿ ಮಾದರಿಯನ್ನು ತೆಗೆಯಬೇಕು. ಒಂದೇ ಮೂಲೆಯ ಹಿಡಿ ಇಡೀ ರಾಶಿಯ ಸಾಕ್ಷಿಯಾಗಲಾರದು. ಅದನ್ನು ನುಣ್ಣಗೆ ಬೀಸಿ, ತೂಗಿ, ಮೆಥನಾಲ್ ಬೆರೆಸಿದ ನೀರಿನಲ್ಲಿ ಕುಲುಕಿ ಸೋಸುವರು. ಸೋಸಿದ ದ್ರವವು ಸೂಕ್ಷ್ಮ ಕಣಗಳನ್ನು ತುಂಬಿದ ಕಿರಿದಾದ ಕೊಳವೆಯ ಮೂಲಕ ಒತ್ತಡದಿಂದ ಹರಿಯುವಾಗ ಅದರಲ್ಲಿನ ಒಂದೊಂದು ವಸ್ತುವೂ ಒಂದೊಂದು ವೇಗದಲ್ಲಿ ಸಾಗಿ ಬೇರ್ಪಡುವುದು. ಮೊನೆನ್ಸಿನ್ನಿಗೆ ತನ್ನದೆಂಬ ಬಣ್ಣವಿಲ್ಲ. ಹೊರಬಂದೊಡನೆ ಅದನ್ನು ಆಮ್ಲದಲ್ಲಿ ಕರಗಿಸಿದ ವೆನಿಲಿನ್‌ನೊಡನೆ ಬೆರೆಸಿ ಕಾಯಿಸುವರು. ನಾವು ತಿನ್ನುವ ಐಸ್‌ಕ್ರೀಮಿಗೆ ಸುವಾಸನೆ ಕೊಡುವ ವಸ್ತುವೇ ಇದು! ಆಗ ಮೂಡುವ ಬಣ್ಣವು ಹೀರಿಕೊಂಡ ಬೆಳಕನ್ನಳೆದು, ಗೊತ್ತಾದ ಪ್ರಮಾಣದ ದ್ರಾವಣದೊಡನೆ ಹೋಲಿಸಿದರೆ ಮದ್ದಿನ ಮೊತ್ತ ತಿಳಿಯುವುದು. ಇನ್ನೂ ಅತ್ಯಲ್ಪವಾದ ಉಳಿಕೆಗೆ, ಅಣುಗಳ ರಾಶಿಯನ್ನೇ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನ ನೆರವು ಬೇಕು.

ಪರೀಕ್ಷೆಯೂ ಪರೀಕ್ಷೆಗೊಳಗಾಗುವುದು. ಮದ್ದಿಲ್ಲದ ಆಹಾರಕ್ಕೆ ತಿಳಿದಷ್ಟು ಮದ್ದನ್ನು ತಾವೇ ಬೆರೆಸಿ, ಅಷ್ಟೂ ಮರಳಿ ದೊರೆಯುವುದೇ ಎಂದು ನೋಡುವರು. ಕಡಿಮೆ ದೊರೆತರೆ ದೋಷ ಎಲ್ಲಿದೆಯೆಂದು ಹುಡುಕಲೇಬೇಕು. ಕೋಳಿಯ ಆಹಾರದಲ್ಲಿ ಮದ್ದು ಕಡಿಮೆಯಾದರೆ ರೋಗ ಉಳಿಯುವುದು; ಕುದುರೆಯ ಚೀಲದಲ್ಲಿ ಅದು ಹೆಚ್ಚಿದ್ದೂ ಕಾಣದೆ ಹೋದರೆ ಲಾಯದಲ್ಲಿ ಸಾವು ಸಂಭವಿಸೀತು. ಚೀಲ ಗಿರಣಿಯ ಬಾಗಿಲು ದಾಟುವ ಮೊದಲೇ ಅದನ್ನು ತಡೆಯಬಲ್ಲುದು ಪ್ರಯೋಗಾಲಯದ ಆ ಒಂದು ಅಂಕಿ.