ಗಿಡ ಕೊಟ್ಟರೆ ಸಾಲದು, ಹೊಣೆಯನ್ನೂ ಕೊಡೋಣ

ವೃದ್ಧಾಶ್ರಮಗಳಿಗೆ ಭೇಟಿ ನೀಡುವಾಗ ನಾವು ಹಣ್ಣು, ಬಿಸ್ಕತ್ತು, ಹೊದಿಕೆಗಳನ್ನು ಒಯ್ಯುತ್ತೇವೆ. ಅಲ್ಲಿ ನಾವು ಕೊಡುವವರು, ಹಿರಿಯರು ಪಡೆಯುವವರು. ಆದರೆ ಗದ್ದೆ, ಅಡುಗೆಮನೆ, ಮಕ್ಕಳು ಎಂದು ಜೀವಮಾನವಿಡೀ ದುಡಿದವರಿಗೆ ನೋಡಿಕೊಳ್ಳಲು ಏನೂ ಇಲ್ಲದಿರುವುದೇ ದೊಡ್ಡ ಕೊರತೆ. ಕಿಟಕಿಯ ಬಳಿಯ ಒಂದು ಗಿಡ ಈ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬಲ್ಲದು.

ಅಮೆರಿಕದ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಕನೆಕ್ಟಿಕಟ್ ರಾಜ್ಯದ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪ್ರಕಟವಾಯಿತು. ಒಂದು ಮಹಡಿಯ ಹಿರಿಯರು ತಮಗೆ ಬೇಕಾದ ಗಿಡವನ್ನು ಆರಿಸಿ ತಾವೇ ನೋಡಿಕೊಂಡರು. ಕೋಣೆಯ ಜೋಡಣೆ, ಸಿನಿಮಾ ನೋಡುವ ದಿನವೂ ಅವರದೇ ಆಯ್ಕೆ. ಇನ್ನೊಂದು ಮಹಡಿಯವರಿಗೂ ಗಿಡ ದೊರೆಯಿತು, ಆದರೆ ನೀರು ಹಾಕುತ್ತಿದ್ದವರು ದಾದಿಯರು. ಮೂರು ವಾರಗಳಲ್ಲೇ ಮೊದಲ ಗುಂಪಿನವರು ಹೆಚ್ಚು ಚುರುಕಾಗಿ, ಸಂತೋಷವಾಗಿ ಕಂಡರು. 18 ತಿಂಗಳಲ್ಲಿ ಆ ಗುಂಪಿನ ಶೇ. 15 ಮಂದಿ, ಇನ್ನೊಂದು ಗುಂಪಿನ ಶೇ. 30 ಮಂದಿ ತೀರಿಕೊಂಡಿದ್ದರು. ಗುಂಪುಗಳು ಚಿಕ್ಕವು, ಸಾವಿನ ಅಂತರ ತಾವು ಮೊದಲು ಹೇಳಿದಷ್ಟು ಖಚಿತವಲ್ಲವೆಂದು ಸಂಶೋಧಕರೇ 1978ರಲ್ಲಿ ತಿದ್ದುಪಡಿ ಪ್ರಕಟಿಸಿದರು. ಹಾಗಾಗಿ ಗಿಡದಿಂದ ಆಯುಷ್ಯ ಹೆಚ್ಚುತ್ತದೆ ಎನ್ನಲಾಗದು. ಗಮನಿಸಬೇಕಾದ್ದು ಇಷ್ಟು: ಗಿಡ ಎರಡೂ ಕಡೆ ಇತ್ತು, ವ್ಯತ್ಯಾಸವಿದ್ದುದು ಆಯ್ಕೆ ಮತ್ತು ಹೊಣೆಯಲ್ಲಿ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಹಿರಿಯರು ಅಂಗಳಕ್ಕಿಳಿಯುವುದು ಕಷ್ಟ. ಆಗ ಒಳಗಿನ ಗಿಡವೇ ಅವರ ತೋಟ. ದೊಡ್ಡಪತ್ರೆ, ಪುದೀನ ತುಂಡಿನಿಂದಲೇ ಚಿಗುರುತ್ತವೆ, ಮುಟ್ಟಿದರೆ ಪರಿಮಳ ಬರುತ್ತದೆ. ಕಣ್ಣು ಮಂಜಾದವರಿಗೂ ಹಿತ. ಮೆಂತೆ ಕೆಲವೇ ದಿನಗಳಲ್ಲಿ ಮೊಳೆತು ಉತ್ಸಾಹ ತರುತ್ತದೆ. ಕುಂಡಗಳನ್ನು ನೆಲದಲ್ಲಿಡದೆ ಮೇಜಿನ ಎತ್ತರದಲ್ಲಿ, ಬೆಳಕು ಬೀಳುವಲ್ಲಿ ಇಟ್ಟರೆ ಬಗ್ಗಬೇಕಾಗಿಲ್ಲ, ಗಾಲಿಕುರ್ಚಿಯವರಿಗೂ ಕೈಗೆಟಕುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಇಲ್ಲವಾದರೆ ಡೆಂಗ್ಯೂ ಹರಡುವ ಸೊಳ್ಳೆಗಳು ಅದರಲ್ಲೇ ಬೆಳೆಯುತ್ತವೆ. ಮನಿಪ್ಲಾಂಟ್ ಎಲೆಯನ್ನು ಜಗಿದರೆ ಬಾಯಿ ಉರಿದು ಬಾತುಕೊಳ್ಳುತ್ತದೆ. ಮರೆವಿನ ಕಾಯಿಲೆಯವರ ಕೋಣೆಗೆ ಅದು ಬೇಡ.

ಎಲೆ ಬಾಡಿದಾಗ ಸಿಬ್ಬಂದಿ ಸದ್ದಿಲ್ಲದೆ ನೀರು ಹಾಕಿಬಿಡುವುದು ಸುಲಭ. ಅದರ ಬದಲು, "ನಿಮ್ಮ ಗಿಡ ನೋಡಿದಿರಾ?" ಎಂದು ಕೇಳುವುದು ಒಳಿತು. ಮುಂದಿನ ಭೇಟಿಯಲ್ಲಿ ಹಣ್ಣಿನ ಜೊತೆ ಎರಡು ಮೂರು ಬಗೆಯ ಸಸಿಗಳನ್ನೂ ಒಯ್ಯೋಣ. ಯಾವುದು ಬೇಕೆಂದು ಅವರೇ ಆರಿಸಲಿ.