ಮೈಸೂರಿನಲ್ಲಿ ಮದುವೆ: ಮೊದಲು ದೇವಾಲಯ, ಬಳಿಕ ಮಂಟಪ

ಮೈಸೂರಿನ ಅಶೋಕ ರಸ್ತೆಯಲ್ಲಿ ಬರುವವರಿಗೆ ದೂರದಿಂದಲೇ ಕಾಣುವ 175 ಅಡಿ ಎತ್ತರದ ಜೋಡಿ ಗೋಪುರಗಳ ನೆರಳಿನಲ್ಲಿ ಮಕ್ಕಳ ವಿವಾಹ ನೆರವೇರಬೇಕೆಂಬುದು ನಮ್ಮ ಅನೇಕ ಕುಟುಂಬಗಳ ಆಸೆ. ಸಹಜವಾದ ಆಸೆಯೇ. ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದ, ಜನರು ಸಂತ ಫಿಲೋಮಿನಾ ಚರ್ಚ್ ಎಂದೇ ಕರೆಯುವ ಈ ದೇವಾಲಯ ಮೈಸೂರು ಧರ್ಮಪ್ರಾಂತ್ಯದ ಪ್ರಧಾನಾಲಯ. ಬಣ್ಣದ ಗಾಜಿನ ಕಿಟಕಿಗಳಿಂದ ಇಳಿಯುವ ಬೆಳಕಿನಲ್ಲಿ ನವದಂಪತಿಗಳು ನಿಂತಾಗ ಹೆತ್ತವರ ಕಣ್ಣು ತುಂಬುವುದು ಆಶ್ಚರ್ಯವಲ್ಲ.

ಆದರೆ ನಾವು ಹೊರಡುವ ಕ್ರಮವೇ ತಲೆಕೆಳಗು. ಮೊದಲು ಕಲ್ಯಾಣ ಮಂಟಪಕ್ಕೆ ಮುಂಗಡ, ಬಳಿಕ ಅಡುಗೆಯವರು, ಆಮಂತ್ರಣ ಪತ್ರಿಕೆಯ ಮುದ್ರಣ. ಕಡೆಗೆ ಗುರುಗಳ ಬಾಗಿಲು! ನಮಗೆ ಪರಿಚಿತವಾದ ಕುಟುಂಬವೊಂದು ಹೀಗೆಯೇ ಸಾಲ ಮಾಡಿ ಮುಂಗಡ ತೆತ್ತು ಬಂದಾಗ, ಆ ದಿನ ಅದೇ ಹೊತ್ತಿಗೆ ದೇವಾಲಯದಲ್ಲಿ ಬೇರೊಂದು ವಿವಾಹ ನಿಶ್ಚಯವಾಗಿತ್ತು. ಹಣ ಮರಳಲಿಲ್ಲ. ಬೀಗರ ಮುಂದೆ ತಲೆ ತಗ್ಗಿಸಿದ ತಂದೆಯ ಸಂಕಟ ಹಣಕ್ಕಿಂತ ದೊಡ್ಡದು. ತಪಸ್ಸುಕಾಲದಲ್ಲಿ ಮದುವೆ ಮಾಡುವ ರೂಢಿ ನಮ್ಮಲ್ಲಿ ಇಲ್ಲದ್ದರಿಂದ, ಕ್ರಿಸ್ಮಸ್ ಕಳೆದ ವಾರಗಳಲ್ಲಿ ಒತ್ತಡ ಹೆಚ್ಚು. ದಸರೆಯ ದಿನಗಳಲ್ಲಾದರೋ ನೆಂಟರಿಗೆ ಕೊಠಡಿ ದೊರೆಯುವುದೇ ದುಸ್ತರ.

ಧರ್ಮಸಭೆಯ ನಿಯಮವೂ ತಿಳಿದಿರಬೇಕು. 1983ರ ಕಾನೂನು ಸಂಹಿತೆಯ 1115ನೆಯ ವಿಧಿಯಂತೆ ವಧು ಅಥವಾ ವರ ನೆಲೆಸಿರುವ ಧರ್ಮಕೇಂದ್ರವೇ ವಿವಾಹದ ಸಹಜ ಸ್ಥಾನ. ಬೇರೆಡೆ ನಡೆಸಬೇಕಾದರೆ ತಮ್ಮ ಧರ್ಮಾಧ್ಯಕ್ಷರ ಅಥವಾ ಧರ್ಮಕೇಂದ್ರದ ಗುರುಗಳ ಅನುಮತಿ ಅಗತ್ಯ. ಹೋಟೆಲಿನ ಹುಲ್ಲುಹಾಸಿನಲ್ಲಿ ಸಂಸ್ಕಾರ ನಡೆಯಲಿ ಎನ್ನುವ ಯುವಕರು 1118ನೆಯ ವಿಧಿಯನ್ನೂ ಗಮನಿಸಲಿ: ದೇವಾಲಯದ ಹೊರಗೆ ಬೇರೆ ತಾಣವೆಂದರೆ ಧರ್ಮಾಧ್ಯಕ್ಷರೇ ಒಪ್ಪಬೇಕು. ದೀಕ್ಷಾಸ್ನಾನದ ಪತ್ರ, ಮದುವೆಯ ಪ್ರಕಟಣೆ, ವಿವಾಹಪೂರ್ವ ತರಬೇತಿ ಇವುಗಳಿಗೂ ಕಾಲ ಹಿಡಿಯುತ್ತದೆ.

ಇನ್ನೊಂದು ಮಾತು. ಪ್ರಧಾನಾಲಯದಲ್ಲಿ ಸುಮಾರು 800 ಮಂದಿ ಕೂರಬಹುದು. ನೂರೈವತ್ತು ನೆಂಟರು ಅಲ್ಲಿ ಮುಂದಿನ ಕೆಲವೇ ಬೆಂಚುಗಳಿಗೆ ಸಾಲುತ್ತಾರೆ. ಮಗಳು ದೀಕ್ಷಾಸ್ನಾನ ಪಡೆದ, ಪರಮಪ್ರಸಾದವನ್ನು ಮೊದಲ ಬಾರಿ ಸ್ವೀಕರಿಸಿದ ಹಳ್ಳಿಯ ದೇವಾಲಯ ಅಷ್ಟೇ ಜನರಿಂದ ತುಂಬಿ ತುಳುಕೀತು. ಅಲ್ಲಿ ಹಾಡುವವರು ಅವಳ ಒಡನಾಡಿಗಳು. ಬಲಿಪೀಠಕ್ಕೆ ಹೂ ಕಟ್ಟುವವರು ನೆರೆಮನೆಯವರು. ನಗರದ ವೈಭವ ಬೇಡವೆನ್ನುವುದಿಲ್ಲ. ಆದರೆ ವ್ಯಾನು ಹತ್ತಲಾರದ ಅಜ್ಜಿ ಯಾವ ಬೆಂಚಿನಲ್ಲಿ ಕುಳಿತು ಮೊಮ್ಮಗಳ ಮದುವೆ ನೋಡಬಲ್ಲರೆಂದು, ಮುಂಗಡ ಕೊಡುವ ಮುನ್ನ ಮನೆಯವರೆಲ್ಲ ಒಮ್ಮೆ ಕುಳಿತು ಯೋಚಿಸಲಿ.